ಎದುರಿನ ದನಿ ಮಾತ್ರ ಹಿಡಿಯುವ ಮೈಕು

೧೫ ಜನವರಿ ೧೯೮೯, ಭಾನುವಾರ, ಸಿಂಧನೂರು

ಕಡೆಗೂ ನಿರ್ಧಾರವಾಯಿತು. ಶಾಮೀದಸಾಬನ ಹಾಡುಗಳನ್ನು ನಾವೇ, ನಮ್ಮ ಮನೆಯಲ್ಲೇ ಕ್ಯಾಸೆಟ್ಟಿಗೆ ಹಿಡಿಯುವುದು.

ಹೋದ ವಾರ ರೈಸ್ ಮಿಲ್ಲಿನ ಕೆಲಸದ ಮೇಲೆ ರಾಯಚೂರಿಗೆ ಹೋಗಿದ್ದಾಗ ಅಲ್ಲಿಯ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೇಳಿ ಬಂದಿದ್ದೆ. ಮೊಹರಂ ಪದಗಳಿಗೆ ಈ ಕಡೆ ಗಿರಾಕಿಗಳಿದ್ದಾರಂತೆ. ಚೊಕ್ಕವಾಗಿ ಹಿಡಿದ ಟೇಪು ತಂದುಕೊಟ್ಟರೆ ಪ್ರತಿ ಮಾಡಿಸಿ ಹಬ್ಬಕ್ಕೆ ಮುಂಚೆ ಮಾರುತ್ತೇವೆ ಎಂದರು. ಡಬ್ಬಿಯ ಕಾಗದದ ಮೇಲೆ ಶಾಮೀದನ ಹೆಸರು, ಅದರ ಕೆಳಗೆ 'ಹಾರ್ಮೋನಿಯಂ: ಯಮನೂರಪ್ಪ'. ಇದು ಅವರು ಹೇಳಿದ್ದಲ್ಲ. ಬಸ್ಸಿನಲ್ಲಿ ಬರುವಾಗ ನಾನೇ ಕಂಡುಕೊಂಡದ್ದು.

ಶಾಮೀದ ಗೊರೇಬಾಳದವನು, ಗಾದಿ ಹೊಲಿಯುವುದು ಅವನ ಕಸುಬು. ನಾವಿಬ್ಬರೂ ಚಡ್ಡಿ ಹಾಕುವ ವಯಸ್ಸಿನಿಂದ ದೋಸ್ತರು. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ಆ ರಿವಾಯತದ ಪದಗಳು, ಅವನ ಉಸ್ತಾದ ತೀರಿಕೊಂಡ ಮೇಲೆ, ಅವನೊಬ್ಬನ ಬಾಯಲ್ಲೇ ಉಳಿದಿವೆ. ವಿಷಯ ಹೇಳಿದಾಗ ಶಾಮೀದ ನಕ್ಕ. "ನನ್ನ ದನಿ ಡಬ್ಬ್ಯಾಗ ಹಾಕಿ ಮಾರ್ತಿ ಏನಲೇ? ಹಾಕು. ನಾ ಏನು ಬ್ಯಾಡ ಅಂತೀನಾ?"

ಇನ್ನು ಮಿಷನ್ನು ಯಾವುದು ಎಂಬುದೊಂದೇ ಪ್ರಶ್ನೆ.

೨೯ ಜನವರಿ, ಭಾನುವಾರ

ಲಿಂಗಸುಗೂರಿಗೆ ಹೋಗಿ ಬಂದೆ. ಸೌದಿಯಿಂದ ವಾಪಸಾದವರೊಬ್ಬರು ತಂದ ಜಪಾನಿನ ಟೂ-ಇನ್-ವನ್ ಮಾರಾಟಕ್ಕಿದೆ. ಕಪ್ಪು ಮೈ, ಎರಡು ದೊಡ್ಡ ಸ್ಪೀಕರು, ಮೈಕು ಒಳಗೇ ಕೂಡಿಸಿದ್ದಾರೆ. ಕೆಂಪು ಗುಂಡಿ ಒತ್ತಿ ನಡುಮನೆಯಲ್ಲಿಟ್ಟರೆ ಮುಗಿಯಿತು. ನನಗೆ ಅಲ್ಲೇ ಅನುಮಾನ ಹುಟ್ಟಿತು. ಇಷ್ಟು ಸುಲಭವಾದದ್ದರಲ್ಲಿ ಚೊಕ್ಕ ರೆಕಾರ್ಡಿಂಗು ಆದೀತೇ? ಅವರು ಒಳ್ಳೆಯ ಮನುಷ್ಯರು. "ಒಯ್ದು ನೋಡ್ರಿ, ಸೇರಿದ್ರ ಇಟಗೋರಿ, ಇಲ್ಲಂದ್ರ ತಂದು ಕೊಡ್ರಿ" ಎಂದು ಪೆಟ್ಟಿಗೆ ಸಮೇತ ಕೊಟ್ಟುಬಿಟ್ಟರು. ಜೊತೆಗೆ ಒಂದು ಪರದೇಶದ ಖಾಲಿ ಕ್ಯಾಸೆಟ್ಟು. ಇಂಥ ಟೇಪು ನಮ್ಮಲ್ಲಿ ಸಿಗುವುದಿಲ್ಲ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

೫ ಫೆಬ್ರವರಿ, ಭಾನುವಾರ

ಮಿಲ್ಲಿಗೆ ರಜೆ, ಹಾಗಾಗಿ ಮೋಟರಿನ ಸದ್ದಿಲ್ಲ. ಶಾಮೀದ ಮಧ್ಯಾಹ್ನ ಬಂದ. ಅವನ ಹೆಂಡತಿ ಹುಸೇನ್‌ಬೀಯೂ ಬಂದಿದ್ದಳು. ನನ್ನ ಹೆಂಡತಿ ಗಿರಿಯಮ್ಮ ಚಹ ಮಾಡಿಕೊಟ್ಟಳು. ಮಿಷನ್ನನ್ನು ಚಾಪೆಯ ನಡುವೆ ಇಟ್ಟು ಕೆಂಪು ಗುಂಡಿ ಒತ್ತಿದೆ.

ಶಾಮೀದ ಒಂದು ಇಡೀ ಪದ ಹಾಡಿದ. ಅವನು ಹಾಡಿದ್ದರ ಬಗ್ಗೆ ಏನೂ ಹೇಳುವಂತಿಲ್ಲ. ಆದರೆ ತಿರುಗಿಸಿ ಕೇಳಿದರೆ ಏನೇನಿದೆ ಅದರಲ್ಲಿ! ಕೋಳಿ ಕೂಗಿದ್ದು, ಬೀದಿಯಲ್ಲಿ ಸೈಕಲ್ಲಿನವನು ಮೀನು ಮಾರುತ್ತ ಕೂಗಿದ್ದು, ಗಿರಿಯಮ್ಮ ಕಪ್ಪು ತೊಳೆದದ್ದು. ನನ್ನ ಹಾರ್ಮೋನಿಯಂ ಮಾತ್ರ ಎಲ್ಲೋ ಊರಾಚೆಯಿಂದ ಕೇಳಿದಂತೆ.

ಎಲ್ಲಕ್ಕಿಂತ ಹೆಚ್ಚಿನ ತೊಂದರೆ ಶಾಮೀದನ ಹೆಂಡತಿಯದು. ಪದಗಳು ಉದ್ದ, ನುಡಿಯ ಮೇಲೆ ನುಡಿ. ಶಾಮೀದ ಹಾಡುವ ಸುಖದಲ್ಲಿ ಮುಂದಿನ ನುಡಿ ಮರೆತು ನಿಂತುಬಿಡುತ್ತಾನೆ. ಆಗ ಅವಳು ಅದರ ಮೊದಲ ಮಾತು ಎತ್ತಿಕೊಡಬೇಕು. ಎತ್ತಿಕೊಟ್ಟು ಸುಮ್ಮನಿರುತ್ತಾಳೆಯೇ? ಸವಾರ ರಣದಲ್ಲಿ ಬಿದ್ದು, ಬರಿದಾದ ಕುದುರೆ ಡೇರೆಗೆ ಮರಳಿ ಬರುವ ಕಡೆ ಅವನು ಎಂದಿನಂತೆ ನಿಂತ. "ಖಾಲಿ ಕುದುರಿ" ಎಂದಳು. ಅವನಿಗೆ ಕೇಳಿಸಲಿಲ್ಲ.

"ಖಾಲಿ ಕುದುರೀ! ಎಷ್ಟು ವರ್ಸ ಹೇಳ್ಬೇಕು ನಿನಗ? ಗಾದ್ಯಾಗಿನ ಹತ್ತಿ ಎಲ್ಲಾ ಕಿವ್ಯಾಗ ತುಂಬಿಕೊಂಡೀಯೇನು?"

"ನೀ ಇದ್ದಿಯಲ್ಲ, ನಾ ಯಾಕ ನೆಪ್ಪಿಟ್ಕೊಬೇಕು?" ಎಂದ ಶಾಮೀದ.

ಎಲ್ಲರೂ ನಕ್ಕರು. ಅದೂ ಟೇಪಿನಲ್ಲಿ ಬಿತ್ತು. ತಿರುಗಿಸಿ ಹಾಕಿದಾಗ ಶಾಮೀದನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಯಮನೂರಪ್ಪಣ್ಣ, ನನ್ನ ದನಿ ಇಷ್ಟು ಒರಟ ಐತೇನು? ಇನ್ನೊಮ್ಮೆ ಹಚ್ಚು ನೋಡೂನು" ಎಂದಳು. ಮೂರ್ನಾಲ್ಕು ಸಲ ಅದೇ ಜಾಗ ಹಾಕಿಸಿಕೊಂಡು ಕೇಳಿದಳು. ನನ್ನ ಮಧ್ಯಾಹ್ನವೆಲ್ಲ ಹಾಳಾಯಿತು.

೧೩ ಫೆಬ್ರವರಿ, ಸೋಮವಾರ

ರಾಯಚೂರು. ಟೇಪು ಕೇಳಿಸಿದೆ. ಅಂಗಡಿಯವರು ಅರ್ಧಕ್ಕೇ ನಿಲ್ಲಿಸಿದರು. "ಹಾಡೋರು ಭಾಳ ಛಲೋ ಅದಾರ್ರಿ. ಆದ್ರ ಇದು ಸಂತಿ ಆಗೇತಿ. ಹೆಣ್ಣುಮಗಳು ಒಬ್ಬಾಕಿ ನಡುವ ಬೈತಾಳಲ್ಲ, ಅದನ್ನೆಲ್ಲ ಯಾರು ಕೊಂಡಾರು?"

ನಾಚಿಕೆಯಾಯಿತು. ಲಿಂಗಸುಗೂರಿನ ಮಿಷನ್ನು ಹಿಂದಕ್ಕೆ ಕೊಡುತ್ತೇನೆ, ಕ್ಯಾಸೆಟ್ಟು ಮಾತ್ರ ಇಟ್ಟುಕೊಳ್ಳುತ್ತೇನೆ.

೧೯ ಫೆಬ್ರವರಿ, ಭಾನುವಾರ

ಮಸ್ಕಿಯಲ್ಲಿ ಮೈಕ್‌ಸೆಟ್ಟಿನ ದುರುಗಪ್ಪನನ್ನು ನೋಡಿದೆ. ಮದುವೆ, ಜಾತ್ರೆ, ಇಲೆಕ್ಷನ್ನು ಎಲ್ಲಕ್ಕೂ ಅವನದೇ ಸೆಟ್ಟು. ಅವನ ಬಳಿ ಒಂದು ಟೇಪ್ ಡೆಕ್ಕು, ಎರಡು ಮೈಕು ಕೂಡಿಸುವ ಸಣ್ಣ ಮಿಕ್ಸರು ಇದೆ. ಒಂದು ಮೈಕು ಹಾಡುವವನಿಗೆ, ಒಂದು ಹಾರ್ಮೋನಿಯಮ್ಮಿಗೆ. ಯಾವುದು ಎಷ್ಟು ಬೇಕೋ ಅಷ್ಟು ಗುಂಡಿ ತಿರುಗಿಸಿಕೊಳ್ಳಬಹುದು. ದನಿ ಎಷ್ಟು ಹತ್ತುತ್ತಿದೆ ಎಂದು ಡೆಕ್ಕಿನ ಮೇಲೆ ಒಂದು ಮುಳ್ಳು ಆಡಿ ತೋರಿಸುತ್ತದೆ. ಮೈಕಿನಲ್ಲಿಯೂ ಎರಡು ಜಾತಿ ಇಟ್ಟಿದ್ದ.

"ಇದು ನಾಕೂ ಕಡಿಂದು ತಗೋತೈತಿ. ಭಜನಿ ಮಂದಿ ಸುತ್ತ ಕುಂತು ಹಾಡಿದ್ರ ಇದು ಬೇಶ್. ಇದು ನೋಡ್ರಿ ಗುಮಾಸ್ತರ, ಎದುರಿಗೆ ಇದ್ದಾಂವನ ದನಿ ಮಾತ್ರ ಹಿಡಿತೈತಿ. ಬಾಜೂಕ, ಹಿಂದ ಯಾರು ಒದರಿಕೊಂಡ್ರೂ ಇದಕ್ಕ ಸಂಬಂಧ ಇಲ್ಲ."

ಅವನು ಆ ಮೈಕಿನ ಹಿಂದೆ ನಿಂತು ಕೂಗಿ ತೋರಿಸಿದ. ನಿಜ, ಮುಳ್ಳು ಕದಲಲಿಲ್ಲ. ಯೋಚಿಸುವುದೇ ಬೇಕಾಗಲಿಲ್ಲ. ಎದುರಿನ ದನಿಯ ಮೈಕನ್ನೇ ಎರಡು ಆರಿಸಿದೆ. ಇಷ್ಟು ದಿನ ಮನಸ್ಸಿನಲ್ಲಿ ಹುಡುಕುತ್ತಿದ್ದದ್ದು ಇದನ್ನೇ. ಡೆಕ್ಕು, ಮಿಕ್ಸರು, ಒಂದು ಸ್ಪೀಕರು ಎಲ್ಲ ಹಬ್ಬದ ತನಕ ಬಾಡಿಗೆಗೆ ಕೊಡಲು ಒಪ್ಪಿದ.

೨೬ ಫೆಬ್ರವರಿ, ಭಾನುವಾರ

ಬೆಳಗಿನಿಂದ ಸಾಮಾನು ಜೋಡಿಸುವುದೇ ಆಯಿತು. ವಯರುಗಳನ್ನು ಕಂಡು ಗಿರಿಯಮ್ಮ ಗೊಣಗಿದಳು. ಹಾರ್ಮೋನಿಯಂ ಮೈಕನ್ನು ಎಷ್ಟು ದೂರದಲ್ಲಿಟ್ಟರೆ ತಿದಿಯ ಉಸಿರು ಕೇಳದೆ ಸ್ವರ ಮಾತ್ರ ಹತ್ತುತ್ತದೆ ಎಂದು ನೋಡಬೇಕಿತ್ತು. ಒಳ್ಳೆಯ ಟೇಪಿನ ಮೇಲೆ ನೋಡಿದರೇ ಸರಿಯಾಗಿ ಗೊತ್ತಾಗುವುದು ಎಂದು ದುರುಗಪ್ಪ ಹೇಳಿದ್ದ. ಆ ಪರದೇಶದ ಕ್ಯಾಸೆಟ್ಟಿನ ಮೇಲೆಯೇ ಎರಡೂ ಮಗ್ಗುಲು ನುಡಿಸಿದೆ. ಎಂಥ ದುಂಡನೆಯ ಸ್ವರ! ನನ್ನ ಪೆಟ್ಟಿಗೆ ಇಷ್ಟು ಚೆನ್ನಾಗಿ ಮಾತಾಡುತ್ತದೆಂದು ನನಗೇ ಗೊತ್ತಿರಲಿಲ್ಲ. ಗಿರಿಯಮ್ಮನನ್ನು ಕೂಡಿಸಿ ಕೇಳಿಸಿದೆ.

"ಅವತ್ತಿಂದು ಎಲ್ಲಿ? ಹುಸೇನ್‌ಬೀ ಬೈದದ್ದು?" ಎಂದು ಕೇಳಿದಳು.

ಅಳಿಸಿ ಅದರ ಮೇಲೆಯೇ ಇದನ್ನು ಹಿಡಿದೆ ಎಂದೆ. ಎದ್ದು ಒಳಗೆ ಹೋದಳು. ಸಂಗೀತ ಅವಳಿಗೆ ಅಷ್ಟಕ್ಕಷ್ಟೇ.

೧೨ ಮಾರ್ಚ್, ಭಾನುವಾರ

ಕೆಟ್ಟ ದಿನ. ಶಾಮೀದ ತಾನು ಹೊಲಿದ ಎರಡು ಗಾದಿ ಸೈಕಲ್ಲಿನ ಮೇಲೆ ಹೇರಿಕೊಂಡು ಬಂದ. ಕಿಟಕಿಗೊಂದು, ಬಾಗಿಲಿಗೊಂದು ಕಟ್ಟಿದೆವು. ಒಳಗೆ ಒಲೆಯಂತೆ ಸೆಕೆ. ಫ್ಯಾನು ಹಾಕುವಂತಿಲ್ಲ. ಶಾಮೀದನ ಹೆಂಡತಿಗೆ ಹೊರಗೆ ಕಟ್ಟೆಯ ಮೇಲೆ ಕೂರಲು ಹೇಳಿದೆ. "ಆತು ಬಿಡಣ್ಣ" ಎಂದು ಹೋದಳು. ಮುಖ ಸಣ್ಣದಾಗಿತ್ತೋ ಏನೋ, ನಾನು ವಯರು ನೋಡುತ್ತಿದ್ದೆ.

ಶಾಮೀದ ಹತ್ತಾರು ಸಲ ಶುರು ಮಾಡಿ ಹತ್ತಾರು ಸಲ ನಿಂತ. ಮೈಕನ್ನು ದಿಟ್ಟಿಸಿ ನೋಡಿ, "ಈ ಲಟ್ಟಣಿಗಿ ಮಾರಿ ನೋಡಿಕೋತ ಹ್ಯಾಂಗ ಹಾಡ್ಲಿ? ಆಕಿನ್ನ ಒಳಗ ಕರಿ ಮಾರಾಯ" ಎಂದ. ಬೇಡವೆಂದೆ. ಸಂಜೆಯಾದರೂ ಒಂದು ಪದ ಪೂರ್ತಿಯಾಗಲಿಲ್ಲ. ಅವನಿಗೆ ಸಿಟ್ಟು ಬರುವುದು ಅಪರೂಪ, ಇವತ್ತು ಬಂತು. ಗಾದಿ ಬಿಚ್ಚಿಕೊಳ್ಳದೆ ಹೊರಟುಹೋದ.

೧೯ ಮಾರ್ಚ್, ಭಾನುವಾರ

ಆಯಿತು! ಎರಡೂ ಮಗ್ಗುಲು ಪೂರ್ತಿ.

ಉಪಾಯ ಹೂಡಿದೆ. ಶಾಮೀದನ ಹೆಂಡತಿಯನ್ನು ಮೈಕಿನ ಹಿಂಬದಿಗೆ, ಅಡಿಗೆಮನೆಯ ಹೊಸ್ತಿಲಲ್ಲಿ ಕೂಡಿಸಿದೆ. ಅಲ್ಲಿಂದ ಶಾಮೀದನಿಗೆ ಅವಳ ಮುಖ ಕಾಣುತ್ತದೆ. ಬಳೆ ಸದ್ದು ಮಾಡದಂತೆ ಕೈಗೆ ಟವೆಲ್ಲು ಸುತ್ತಿಕೊಳ್ಳಲು ಹೇಳಿದೆ.

"ತುಟಿ ಅಷ್ಟ ಆಡಿಸು ತಂಗಿ, ದನಿ ಹೊರಡಬಾರದು" ಎಂದೆ.

"ಮೂಕಿ ಆಗ್ಬೇಕೇನಣ್ಣ ನಾನು?" ಎಂದು ನಕ್ಕಳು. ಆದರೆ ಹೇಳಿದಂತೆ ಕೂತಳು, ಅಲುಗಾಡದೆ. ಶಾಮೀದ ಅವಳ ತುಟಿ ನೋಡುತ್ತ ಹಾಡಿದ. ಕುದುರೆಯ ಕಡೆ ಬಂದಾಗ ಮತ್ತೆ ನಿಂತ. ಅವಳು ತುಟಿ ಆಡಿಸಿದಳು, ಅವನಿಗೆ ಗೊತ್ತಾಗಲಿಲ್ಲ. ಅವಳಿಂದ ತಡೆಯಲಾಗಲಿಲ್ಲವೆಂದು ಕಾಣುತ್ತದೆ, ಪಿಸುಮಾತಿನಲ್ಲಿ ಹೇಳಿಯೇಬಿಟ್ಟಳು. ನನ್ನ ಕಣ್ಣು ಡೆಕ್ಕಿನ ಮೇಲೆಯೇ ಇತ್ತು. ಮುಳ್ಳು ಕದಲಲಿಲ್ಲ. ಶಾಮೀದ ಮುಂದಿನ ನುಡಿ ಎತ್ತಿಕೊಂಡ. ನಾನೂ ಹಾರ್ಮೋನಿಯಮ್ಮಿನಲ್ಲಿ ಹಿಂದೆಯೇ ಹೋದೆ, ಒಂದು ಸ್ವರ ತಪ್ಪಲಿಲ್ಲ.

ದುರುಗಪ್ಪ ಹೇಳಿದ್ದು ಸುಳ್ಳಲ್ಲ.

೪ ಏಪ್ರಿಲ್, ಮಂಗಳವಾರ

ರಾಯಚೂರಿನವರು ಕಣ್ಣು ಮುಚ್ಚಿ ಎರಡೂ ಮಗ್ಗುಲು ಕೇಳಿದರು. "ಮನ್ಯಾಗ ಹಿಡಿದದ್ದು ಅಂದ್ರ ನಂಬಾಕಾಗಂಗಿಲ್ರಿ. ಒಂದು ಗದ್ದಲ ಇಲ್ಲ" ಎಂದರು. ಕಾಗದದ ಮೇಲೆ ಹಾಕಲು ಇಬ್ಬರದೂ ಫೋಟೋ ಬೇಕಂತೆ, ಅದರ ಜೊತೆಗೇ ಟೇಪು ಕೊಡಿ ಎಂದು ಕ್ಯಾಸೆಟ್ಟು ವಾಪಸು ಕೊಟ್ಟರು. ರಮ್ಜಾನು ಮುಗಿಯಲಿ, ಶಾಮೀದನನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗುತ್ತೇನೆ. ನಾನು ಬಿಳಿ ಜುಬ್ಬಾ ಹೊಲಿಸಿಕೊಳ್ಳಬೇಕು.

೧೬ ಮೇ, ಮಂಗಳವಾರ

ಹುಸೇನ್‌ಬೀ ತೀರಿಕೊಂಡಳು.

ನಿನ್ನೆ ಬೇಸಿಗೆ ಭತ್ತ ಕೊಯ್ಯಲು ಹೋಗಿದ್ದಳಂತೆ. ಬಿಸಿಲು ಬಡಿದು ಗದ್ದೆಯಲ್ಲೇ ಬಿದ್ದಳು. ಆಟೋದಲ್ಲಿ ಸಿಂಧನೂರಿಗೆ ತರುವಷ್ಟರಲ್ಲಿ ಆಗಿಹೋಗಿತ್ತು. ಇವತ್ತು ಮಣ್ಣಿಗೆ ಹೋಗಿ ಬಂದೆ. ಶಾಮೀದ ಅಳಲಿಲ್ಲ. ಯಾರು ಏನು ಕೇಳಿದರೂ ಅರೆಗಳಿಗೆ ತಡೆದು ಪಕ್ಕಕ್ಕೆ ನೋಡುತ್ತಿದ್ದ.

೨೮ ಮೇ, ಭಾನುವಾರ

ಶಾಮೀದ ಬಂದಿದ್ದ. ಚಹ ಬೇಡವೆಂದ. ಆಮೇಲೆ ಹೇಳಿದ:

"ಯಮನೂರಪ್ಪ, ಲಿಂಗಸುಗೂರಿನ ಡಬ್ಬಿ ತಂದಿದ್ದಿಯಲ್ಲ, ಅದರಾಗ ಆಕಿ ನನಗ ಬೈದದ್ದೈತಿ ನೋಡು. ಅದನ್ನ ಒಂದೀಟು ಹಚ್ಚು."

ಗಿರಿಯಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಕಡೆ ನೋಡಿದಳು.

ಆ ಕ್ಯಾಸೆಟ್ಟು ಲಿಂಗಸುಗೂರಿನವರ ಬಳಿಯೇ ಇದೆ, ತರುತ್ತೇನೆ ಎಂದೆ. ಯಾಕೆ ಹಾಗೆಂದೆನೋ. ಶಾಮೀದನ ಮುಖ ಅರಳಿತು. "ಅವಸರ ಇಲ್ಲ. ಇದ್ದರ ಸಾಕು" ಎಂದ.

೪ ಜೂನ್, ಭಾನುವಾರ

ಲಿಂಗಸುಗೂರಿಗೆ ಹೋದೆ. ಮಿಷನ್ನು ತಂದ ದಿನ ಗುಂಡಿ ನೋಡಲೆಂದು ಅವರದೇ ಒಂದು ಹಳೆಯ ಕ್ಯಾಸೆಟ್ಟಿನಲ್ಲಿಯೂ ಸ್ವಲ್ಪ ಹಿಡಿದಿದ್ದೆ, ಅದು ಪೆಟ್ಟಿಗೆಯಲ್ಲಿ ಉಳಿದಿದ್ದರೆ, ಹುಸೇನ್‌ಬೀ ಅದರಲ್ಲಿದ್ದರೆ... ಇಲ್ಲ. ಆ ದಿನ ಅವಳು ಬಂದೇ ಇರಲಿಲ್ಲ. ಅದು ನನಗೆ ಹೋಗುವಾಗಲೇ ಗೊತ್ತಿತ್ತು. ಆದರೂ ಹೋದೆ. ಮಿಷನ್ನನ್ನು ಅವರು ಹಟ್ಟಿ ಚಿನ್ನದ ಗಣಿಯವರೊಬ್ಬರಿಗೆ ಪೆಟ್ಟಿಗೆ ಸಮೇತ ಮಾರಿದ್ದಾರೆ. ಹಟ್ಟಿಗೂ ಹೋದೆ. ಕಂಪನಿ ಕ್ವಾರ್ಟರ್ಸಿನಲ್ಲಿ ಮನೆ ಹುಡುಕಿ ಬಾಗಿಲು ತಟ್ಟಿದೆ. ಮನೆಯಾತ ಪಾಳಿ ಮುಗಿಸಿ ಮಲಗಿದ್ದರು, ಪಾಪ, ಎದ್ದು ಬಂದು ಇದ್ದ ಕ್ಯಾಸೆಟ್ಟುಗಳನ್ನೆಲ್ಲ ತಂದು ಮುಂದೆ ಸುರಿದರು. ಎಲ್ಲ ಸಿನಿಮಾ ಹಾಡು. ಯಾರ ದನಿ ಹುಡುಕುತ್ತಿದ್ದೀರಿ ಎಂದು ಕೇಳಿದರು. ನನ್ನ ತಂಗಿಯದು ಎಂದೆ.

ಅವರ ಮನೆಯಲ್ಲಿ ಆ ಮಿಷನ್ನು ಕಿಟಕಿಯಲ್ಲಿತ್ತು. ಎಂಥ ಒಳ್ಳೆಯ ಮಿಷನ್ನು.

೬ ಜೂನ್, ಮಂಗಳವಾರ

ಮಿಲ್ಲಿಗೆ ರಜೆ ಹಾಕಿ ಗೊರೇಬಾಳಕ್ಕೆ ಹೋದೆ. ಶಾಮೀದ ಹತ್ತಿ ಹಿಂಜುತ್ತ ಕೂತಿದ್ದ. ಹೇಳಿದೆ.

"ಅದು ಇಲ್ಲೋ ಶಾಮೀದ. ನಾನ ಅಳಿಸೀನಿ. ಅದರ ಮ್ಯಾಲ ಹಾರ್ಮೋನಿಯಂ ಹಿಡಿದೆ."

ಅವನ ಕೈ ನಿಂತಿತು. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಎಲ್ಲಾ?"

"ಎಲ್ಲಾ."

"ಹೂಂ" ಎಂದು ಮತ್ತೆ ಹತ್ತಿ ಹಿಂಜತೊಡಗಿದ. ನಾನು ಕೂತೇ ಇದ್ದೆ. ಮನೆಯೊಳಗೆ ಅವಳ ಸೀರೆ ಹಗ್ಗದ ಮೇಲೆ ಹಾಗೇ ಇತ್ತು. ಮುಂದಿದ್ದ ಹತ್ತಿ ಮುಗಿದ ಮೇಲೆ, "ನಿನಗರ ಏನು ಗೊತ್ತಿತ್ತು, ಹೋಗು ಮನಿಗೆ, ಬಿಸಿಲಾಕ್ಕೈತಿ" ಎಂದ.

೧೧ ಜೂನ್, ಭಾನುವಾರ

ಶಾಮೀದ ತಾನಾಗಿಯೇ ಬಂದ. "ಚೊಕ್ಕ ಮಾಡಿ ಹಿಡಿದಿ ಅಲ್ಲ, ಅದನ್ನ ಹಚ್ಚು. ಆಕಿ ಅವತ್ತು ಕುದುರಿ ಹಂತ್ಯಾಕ ಒಂದ ಮಾತು ಅಂದಿದ್ಲು" ಎಂದ.

ಅದನ್ನು ನಾನು ಈಗಾಗಲೇ ಎಷ್ಟು ಸಲ ಕೇಳಿದ್ದೇನೋ. ವಾಲ್ಯೂಮ್ ಪೂರ್ತಿ ತಿರುಗಿಸಿ, ಸ್ಪೀಕರಿಗೆ ಕಿವಿ ಹಚ್ಚಿ. ಅಲ್ಲಿ ಏನೂ ಇಲ್ಲ. ಶಾಮೀದ ನಿಲ್ಲುತ್ತಾನೆ, ಟೇಪು ಉಸ್ಸೆನ್ನುತ್ತದೆ, ಶಾಮೀದ ಹಾಡುತ್ತಾನೆ. ಅಷ್ಟೇ.

ಹಾಕಿದೆ. ಶಾಮೀದ ಸ್ಪೀಕರಿನ ಹತ್ತಿರ ಬಗ್ಗಿ ಕೂತ. ಆ ಜಾಗ ಬಂತು, ಹೋಯಿತು.

"ಕೇಳಿಸ್ತೇನು?" ಎಂದ, ನನ್ನ ಕಡೆ ತಿರುಗಿ.

ಹಾಗೆ ಕೇಳಿದ ಅವನ ಮುಖ ನೋಡಿ, "ಕೇಳಿಸ್ತು" ಎಂದೆ.

"ಹೌದಲ್ಲ? ಸಣ್ಣಗ ಐತಿ. ಐತಿ ಆದ್ರ."

"ಐತಿ."

ಅವನು ಹೋದ ಮೇಲೆ ಗಿರಿಯಮ್ಮ ಎಂದಳು: "ನನಗ ಏನೂ ಕೇಳಿಸಲಿಲ್ರಿ."

"ನನಗೂ ಇಲ್ಲ" ಎಂದೆ.

೧೪ ಜೂನ್, ಬುಧವಾರ

ರಾಯಚೂರಿನ ಅಂಗಡಿಯವರು ಮಿಲ್ಲಿನ ಲಾರಿ ಡ್ರೈವರನ ಕೈಯಲ್ಲಿ ಹೇಳಿಕಳಿಸಿದ್ದಾರೆ. ಈ ವಾರ ಟೇಪು, ಫೋಟೋ ಕೊಡದಿದ್ದರೆ ಹಬ್ಬಕ್ಕೆ ಆಗುವುದಿಲ್ಲವಂತೆ. ಆ ಕ್ಯಾಸೆಟ್ಟು ಮನೆಯಿಂದ ಹೊರಗೆ ಹೋಗುವುದು ಬೇಡ ಅನ್ನಿಸಿತು. ರಾಯಚೂರಿಗೆ ಹೋಗಲಿಲ್ಲ. ಇವತ್ತು ಮಿಲ್ಲಿನಲ್ಲಿ ತೂಕದ ಚೀಟಿಗಳು ಬಹಳ ಇದ್ದವು.

೨೫ ಜೂನ್, ಭಾನುವಾರ

ಚಾಂದ್‌ಬೀ ಬಂದಿದ್ದಳು. ಶಾಮೀದನ ಒಬ್ಬಳೇ ಮಗಳು, ಮಸ್ಕಿಗೆ ಕೊಟ್ಟಿದ್ದಾರೆ. ಶಾಮೀದನೇ ಕರೆದುಕೊಂಡು ಬಂದ. ಬರುತ್ತಲೇ ಬಾಗಿಲಲ್ಲಿ ನಿಂತು, "ನಮ್ಮ ಹುಡುಗಿಗೂ ಆಕಿ ಅವ್ವನ ದನಿ ಕೇಳಿಸು ಯಮನೂರಪ್ಪ" ಎಂದ. ಅವನೊಬ್ಬನಿಗೆ ಹೇಳಿದ ಸುಳ್ಳು ಅವನೊಬ್ಬನ ಬಳಿಯೇ ಇರುತ್ತದೆ ಎಂದುಕೊಂಡಿದ್ದೆ.

ಚಾಂದ್‌ಬೀಯ ಹಣೆ, ಮೂಗು ಎಲ್ಲ ಅವಳ ತಾಯಿಯದೇ. ತುಂಬಿದ ಬಸುರಿ. ಗಿರಿಯಮ್ಮ ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿದಳು. ಕಿಟಕಿಗೆ ಕಟ್ಟಿದ್ದ ಗಾದಿ ಬಿಚ್ಚಿ ಅವಳ ಬೆನ್ನಿಗೆ ಕೊಟ್ಟೆವು. ಬೀದಿಯ ಗದ್ದಲವೆಲ್ಲ ಒಳಗೆ ಬಂತು, ಬರಲಿ ಎಂದು ಬಿಟ್ಟೆ.

ಹಾಕಿದೆ. ಶಾಮೀದ ಬೆರಳೆತ್ತಿ ಹಿಡಿದಿದ್ದ. "ಈಗ ಬರ್ತೈತಿ. ಈಗ. ಹಾಂ, ನಿಂತೆ ನೋಡು. ಇಲ್ಲೇ!"

ಟೇಪು ಉಸ್ಸೆಂದಿತು. ಶಾಮೀದ ಟೇಪಿನಲ್ಲಿ ಮುಂದಿನ ನುಡಿ ಎತ್ತಿಕೊಂಡ.

"ಕೇಳ್ತಿ ಏನವ್ವ? ಖಾಲಿ ಕುದುರಿ ಅಂದ್ಲು."

ಚಾಂದ್‌ಬೀ ಕಣ್ಣು ಮುಚ್ಚಿಯೇ ಕೂತಿದ್ದಳು. ಆಮೇಲೆ ಕಣ್ಣು ತೆರೆದು ಮೊದಲು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ತಲೆ ತಗ್ಗಿಸಲು ಹೋದೆ, ಆಗಲಿಲ್ಲ. ಅವಳಿಗೆ ಎಲ್ಲ ತಿಳಿದುಹೋಯಿತು ಎಂದು ನನಗೆ ತಿಳಿಯಿತು.

"ಹೌದು ಅಬ್ಬಾ" ಎಂದಳು. "ಅಮ್ಮಂದೇ ದನಿ."

ಶಾಮೀದ ಅವತ್ತಿನಿಂದ ಅತ್ತಿರಲಿಲ್ಲ. ಈಗ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ಗಿರಿಯಮ್ಮ ಒಳಗೆ ಹೋದಳು. ಚಾಂದ್‌ಬೀ ಅವನ ಬೆನ್ನ ಮೇಲೆ ಕೈಯಿಟ್ಟಳು. ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಕಾಕಾ, ಇನ್ನೊಮ್ಮೆ ಹಚ್ಚರಿ" ಎಂದಳು.

ಟೇಪು ಹಿಂದಕ್ಕೆ ತಿರುಗಿಸಿದೆ. ಆ ಜಾಗ ನನ್ನ ಕೈಗೆ ರೂಢಿಯಾಗಿಬಿಟ್ಟಿದೆ, ನೋಡುವುದೇ ಬೇಕಿಲ್ಲ. ಶಾಮೀದ ಹಾಡಿ ನಿಂತ. ನಾವು ಮೂವರೂ ಮುಂದಕ್ಕೆ ಬಗ್ಗಿದೆವು.